ಭಂಡಾರದ ವಕಾಲತ್ತು

ಬೆಂಗಳೂರಿನ ವಕೀಲ ನಿರಂಜನಮೂರ್ತಿಗೆ ಜಮಖಂಡಿ ಊರು ಬಸ್ಸಿನಿಂದ ಇಳಿಯುವ ಮೊದಲೇ ಬೇಡವಾಗಿತ್ತು. ಬಿಸಿನೀರು ಕೇಳಿದರೆ “ಬರ್ತೈತ್ರಿ” ಎಂದು ಹೋದ ಲಾಡ್ಜಿನವನು ಪತ್ತೆಯಿಲ್ಲ. ಫಿಲ್ಟರ್ ಕಾಫಿ ಕೇಳಿದ್ದಕ್ಕೆ ಹೋಟೆಲಿನವನು ಬೆಲ್ಲದ ಪಾನಕದಂಥ ಚಹಾ ತಂದಿಟ್ಟು, “ಕುಡೀರಿ, ಛಲೋ ಐತಿ” ಎಂದು ಉಪದೇಶ ಬೇರೆ ಮಾಡಿದ. ಇಂಥ ಊರಿಗೆ ಕೋರ್ಟು ಬೇರೆ ಕೇಡು ಎಂದು ಮೂರ್ತಿ ಮೂಗು ಮುರಿದ. ಮೂಗು ಮುರಿಯುವುದರಲ್ಲಿ ಅವನಿಗಿದ್ದ ಪರಿಣತಿ ವಾದ ಮಾಡುವುದರಲ್ಲಿ ಇರಲಿಲ್ಲ.

ಅವನನ್ನು ಕರೆಸಿದವನು ತುಬಚಿಯ ಜಕ್ಕಪ್ಪ. ಅಪ್ಪ ಬಿಟ್ಟುಹೋದ ಹೊಲಕ್ಕೆ ನದಿಯ ನೀರಾವರಿ ಬಂದು ಬೆಲೆ ಏರಿತ್ತು. ಲೋಕಾಪುರಕ್ಕೆ ಕೊಟ್ಟ ತಂಗಿ ಸಿದ್ದಕ್ಕ ತನ್ನ ಪಾಲು ಕೇಳಿದ್ದಳು. ‘ಹೊಲ ಪೂರಾ ಮಗನಿಗೇ’ ಎಂದು ಅಪ್ಪ ಸಾಯುವಾಗ ಹೇಳಿದ್ದನೆಂಬ ಕಥೆ ಕಟ್ಟಿಕೊಟ್ಟವನು ಮೂರ್ತಿಯೇ, ಅದೂ ಫೋನಿನಲ್ಲಿ. ಬೆಂಗಳೂರಿನ ಕರಿಕೋಟು ಮನೆಬಾಗಿಲಿಗೆ ಬಂದರೆ ತಂಗಿ ಹೆದರಿ, ಹಕ್ಕು ಬಿಟ್ಟೆನೆಂದು ಸಹಿ ಮಾಡುತ್ತಾಳೆ ಎಂದು ಜಕ್ಕಪ್ಪ ನಂಬಿದ್ದ. ಹಾಗಾಗಿ ಸುಡುಬಿಸಿಲಿನಲ್ಲೂ ಮೂರ್ತಿ ಕೋಟು ಹಾಕಿಕೊಂಡೇ ಜಕ್ಕಪ್ಪನ ಜೊತೆ ಲೋಕಾಪುರಕ್ಕೆ ಹೋದ.

ಸಿದ್ದಕ್ಕ ಹೆದರಲಿಲ್ಲ. ನೀರು ಕೊಟ್ಟಳು, ಕಂಬಳಿ ಹಾಸಿದಳು. ಮೂರ್ತಿ ಕಂಬಳಿಯ ಮೇಲೆ ಕರ್ಚೀಫು ಹಾಸಿಕೊಂಡು ಕುಳಿತ. ಅವನು ಓದಿದ ಹಕ್ಕು ಬಿಡುವ ಕಾಗದವನ್ನೆಲ್ಲ ಸಿದ್ದಕ್ಕ ಕೇಳಿ, ಎದ್ದು ಹೋಗಿ, ಮನೆದೇವರು ಬೀರೇಶ್ವರನ ಭಂಡಾರದ, ಅಂದರೆ ಪೂಜೆಯ ಅರಿಶಿನದ, ಬಟ್ಟಲು ತಂದು ಅಣ್ಣನ ಮುಂದಿಟ್ಟಳು.

“ಅಣ್ಣಾ, ಭಂಡಾರ ಹಿಡದು ಹೇಳು, ಅಪ್ಪ ಹಂಗ ಅಂದಿದ್ದ ಅಂತ. ಈಗಿಂದೀಗ ಸಹಿ ಮಾಡ್ತೇನಿ.”

ಜಕ್ಕಪ್ಪ ಬಟ್ಟಲು ನೋಡಿದ, ನೆಲ ನೋಡಿದ. ಕೈ ಮಾತ್ರ ಮೊಣಕಾಲು ಬಿಟ್ಟು ಏಳಲಿಲ್ಲ.

ಮೂರ್ತಿಗೆ ರೇಗಿತು. ಚಿಟಿಕೆ ಅರಿಶಿನಕ್ಕೆ ಇಷ್ಟೆತ್ತರದ ಗಂಡಸು ಬೆವರುವುದೇ! ದಿನಬೆಳಗಾದರೆ ಕಟಕಟೆಯಲ್ಲಿ ಪ್ರಮಾಣ ಮಾಡುವವರನ್ನು ನೋಡುವ ತನಗೆ ಇದು ಯಾವ ಮಹಾ?

“ಅವರಿಗ್ಯಾಕಮ್ಮ ತೊಂದರೆ? ಅವರ ವಕಾಲತ್ತು ನನ್ನದು. ಅವರ ಪರವಾಗಿ ನಾನೇ ಆಣೆ ಮಾಡಿದರೆ ಆಯ್ತಲ್ಲ,” ಎಂದು ಬಟ್ಟಲಿಗೆ ಕೈಹಾಕಿ ಮುಷ್ಟಿ ತುಂಬಿಕೊಂಡ.

ಸಿದ್ದಕ್ಕ ಕೇಳಿದಳು: “ಸುಳ್ಳಾದ್ರ ದೇವರ ಪೆಟ್ಟು ಯಾರಿಗ್ರಿ ಸಾಹೇಬ್ರ?”

“ಕೇಸು ಸೋತರೆ ಜೈಲಿಗೆ ವಕೀಲ ಹೋಗ್ತಾನೇನಮ್ಮ?” ಮೂರ್ತಿ ನಕ್ಕ. “ಪೆಟ್ಟು ಕಕ್ಷಿದಾರನಿಗೇ. ಅವನಿಗೆ, ಅವನ ಮಕ್ಕಳಿಗೆ.” ತನ್ನ ಹಾಸ್ಯವನ್ನು ತಾನೇ ಮೆಚ್ಚಿ ಕೈ ಎತ್ತಿದ. “ಬೀರೇಶ್ವರನ ಸಾಕ್ಷಿಯಾಗಿ...”

ಜಕ್ಕಪ್ಪ ಅವನ ರಟ್ಟೆ ಹಿಡಿದೆಳೆದ ರಭಸಕ್ಕೆ ಭಂಡಾರವೆಲ್ಲ ಕರಿಕೋಟಿನ ಮೇಲೆ ಚೆಲ್ಲಿತು.

“ಬಾಯಿ ಮುಚ್ಚಲೇ!” ಬೆಳಗಿನಿಂದ ಸಾಹೇಬ್ರ ಎನ್ನುತ್ತಿದ್ದ ಬಾಯಿ ಅದು. “ನಮ್ಮಪ್ಪ ಹಂಗ ಅಂದಿಲ್ಲ. ತಂಗೀ, ಅಂದಿಲ್ಲವ್ವಾ. ಇಬ್ಬರೂ ಹಂಚ್ಕೊಂಡು ತಿನ್ರಿ ಅಂದಿದ್ದ. ನಿನ್ನ ಪಾಲು ನೀ ತಗೋ, ನನ್ನ ಮಕ್ಕಳು ಉಳೀಲಿ.”

ಅವನು ಅಳತೊಡಗಿದ. ಮೂರ್ತಿ ಕೋಟು ಒರೆಸಿಕೊಳ್ಳುತ್ತಿದ್ದ. ಒರೆಸಿದಷ್ಟೂ ಹಳದಿ ಹರಡುತ್ತಿತ್ತು. ಎಲ್ಲಿ ತಪ್ಪಿತೆಂಬುದು ಅವನಿಗೆ ಇನ್ನೂ ಹೊಳೆದಿರಲಿಲ್ಲ. ಈ ಕಡೆಯವರಿಗೆ ಕಾನೂನಿನ ಗಂಧವೇ ಇಲ್ಲ ಎಂದು ಗೊಣಗಿದ.

ಸಿದ್ದಕ್ಕ ಕೆಳಗೆ ಚೆಲ್ಲಿದ ಭಂಡಾರವನ್ನು ಬಳಿದು ಬಟ್ಟಲಿಗೆ ತುಂಬಿ, ಅಣ್ಣನ ಹಣೆಗಿಷ್ಟು ಹಚ್ಚಿದಳು. ಆಮೇಲೆ ವಕೀಲನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಆತು, ಅಳಬ್ಯಾಡ ಬಿಡು. ಖರೆ ಅಣ್ಣಾ, ಒಂದು ಸುಳ್ಳು ಹೇಳಾಕ ಬೆಂಗಳೂರಿಂದ ಕರಸಬೇಕಿತ್ತೇನು? ನಮ್ಮ ಕಡೆ ಯಾರೂ ಸಿಗಲಿಲ್ಲ?”