ಸೇತುವೆಯ ಈಚೆ ಬದಿ

ಪೀಪಾಯಿಗೆ ಹಲಗೆ ಹೆರೆಯುತ್ತಿದ್ದ ಅಸಾಹೆಲನ ಕೈ ಆ ಬೆಳಿಗ್ಗೆ ಮೂರು ಸಲ ತಪ್ಪಿತು. ಹೊರಗಿನಿಂದ ಬಂದು ನೂಲುತ್ತಿದ್ದ ಜಿಲ್ಫಾಳನ್ನು ಅವಳು ಹುಟ್ಟಿದೂರಿಗೆ ಸಾಗಿಸಬೇಕೆಂದಿದ್ದ ಪಕ್ಕದ ಕಾಗದ ಅವನನ್ನು ಕೂರಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ. ಊರ ಕಾನ್ಸ್‌ಟೇಬಲ್ ಕೆಲಸದ ಸರದಿ ಈ ವರ್ಷ ಅವನದು. ಕಾಗದ ತಂದುಕೊಟ್ಟ ಜಾಬೆಜ್ ಇನ್ನೂ ಬಾಗಿಲಲ್ಲೇ ನಿಂತಿದ್ದರು. ಚರ್ಚಿಗೂ ಊರಿಗೂ ಅವರೇ ಹಿರಿಯರು.

"ಹಿರಿಯರೇ, ಜಿಲ್ಫಾಗೆ ದಿನ ತುಂಬಿದೆ. ಈ ಹಿಮದಲ್ಲಿ ಬಂಡಿ ಹತ್ತಿಸೋದಾ?"

"ದಿನ ತುಂಬಿದೆ ಅಂತಾನೇ ಇವತ್ತು ಹೋಗ್ಬೇಕು. ಮಗು ಇಲ್ಲಿ ಹುಟ್ಟಿದ್ರೆ ನಮ್ಮೂರದ್ದಾಗುತ್ತೆ, ಸಾಕೋ ಹೊಣೆ ನಮ್ಮ ತಲೆಗೆ. ನಾನೇನು ಕಲ್ಲೇನಯ್ಯಾ? ಹೋದ ವಾರ ಮುದುಕಿ ಕೆಜಾಯಾ ಮನೇಲಿ ಒಲೆಗೆ ಸೌದೆ ಇರ್ಲಿಲ್ಲ. ಊರಿನವರಿಗೇ ಸಾಲ್ತಿಲ್ಲ, ಹೊರಗಿನವರಿಗೆ ಎಲ್ಲಿಂದ ತರ್ಲಿ?"

ಅದರಲ್ಲಿ ಸುಳ್ಳಿರಲಿಲ್ಲ. ಅಸಾಹೆಲನಿಗೆ ಕಸಿವಿಸಿ ಹೆಚ್ಚಾದದ್ದು ಅದಕ್ಕೇ.

ಹೊರಗಿನಿಂದ ಬಂದವರ ಬಾಗಿಲಲ್ಲಿ 'ಊರು ಬಿಟ್ಟು ಹೋಗಿ' ಎಂಬ ಆಜ್ಞೆಯನ್ನು ಕಾನ್ಸ್‌ಟೇಬಲ್ ವರ್ಷಕ್ಕೊಮ್ಮೆ ಓದುವುದು ಅಲ್ಲಿಯ ಪದ್ಧತಿ. ಓದಿಬಿಟ್ಟರೆ ಸಾಕು, ಅವರು ಎಷ್ಟು ಕಾಲ ಇದ್ದರೂ ಊರಿಗೆ ಹೊಣೆಯಿಲ್ಲ. ಯಾರೂ ಹೋಗುತ್ತಿರಲಿಲ್ಲ, ಯಾರೂ ಓಡಿಸುತ್ತಲೂ ಇರಲಿಲ್ಲ. ವಸಂತದಲ್ಲಿ ಅಸಾಹೆಲ್ ಓದಿದಾಗ ಜಿಲ್ಫಾ ರಾಟೆ ನಿಲ್ಲಿಸದೆ, "ಮುಗೀತಾ ಅಣ್ಣ? ಗಂಟಲು ಒಣಗಿರುತ್ತೆ, ಸೇಬಿನ ಮದ್ಯ ಕುಡ್ಕೊಂಡು ಹೋಗಿ," ಎಂದು ನಕ್ಕಿದ್ದಳು. ಅವನೂ ಕುಡಿದು ನಕ್ಕಿದ್ದ. ಆಗ ಅವಳ ಗಂಡ ಬದುಕಿದ್ದ. ಊರು ಕೇರಿ ಯಾವುದೆಂದು ಯಾರಿಗೂ ಗೊತ್ತಿಲ್ಲದ ಆ ಬೆಸ್ತ ಬೇಸಿಗೆಯಲ್ಲಿ ಸಮುದ್ರದ ಪಾಲಾದ.

ಇಂದು ಅವಳು ನಗಲಿಲ್ಲ. ರಾಟೆಯನ್ನು ಬಂಡಿಗೆ ಕಟ್ಟಿಸಿಕೊಂಡು ಹತ್ತಿ ಕೂತಳು. ದಾರಿಯುದ್ದಕ್ಕೂ ಅಸಾಹೆಲ್ ಬೇಕಿಲ್ಲದಿದ್ದರೂ ಎತ್ತುಗಳನ್ನು ಗದರಿಸುತ್ತಿದ್ದ, ಮತ್ತೆ ಮತ್ತೆ ಹಿಂದಿರುಗಿ ನೋಡುತ್ತಿದ್ದ.

ಗಡಿಯ ಸೇತುವೆಯ ಆಚೆ ತುದಿಯಲ್ಲಿ ಅವಳು ಹುಟ್ಟಿದೂರಿನ ಕಾನ್ಸ್‌ಟೇಬಲ್ ಗಿಡಿಯನ್ ಕೋಲು ಅಡ್ಡ ಹಿಡಿದು ನಿಂತಿದ್ದ. ಸುದ್ದಿ ಅವನಿಗೆ ಮೊದಲೇ ತಲುಪಿತ್ತು.

"ಅಲ್ಲೇ ನಿಲ್ಲಯ್ಯಾ! ಐದು ವರ್ಷ ನಿಮ್ಮೂರಿನ ಉಣ್ಣೆಯೆಲ್ಲಾ ಇವಳ ಕೈಲಿ ನೂಲಿಸ್ಕೊಂಡ್ರಿ. ಈಗ ಬಸುರಿ ಅಂತ ನಮ್ಮ ತಲೆಗೆ ಕಟ್ತೀರಾ? ಭಲೇ ಧರ್ಮವಂತರು!"

"ನನ್ನ ಹತ್ರ ಆಜ್ಞೆ ಇದೆ."

"ನನ್ನ ಹತ್ರಾನೂ ಇದೆ. ನಿಂದು ಬಿಡೋಕೆ, ನಂದು ತಡೆಯೋಕೆ."

ಜಿಲ್ಫಾ ಬಂಡಿಯ ಅಂಚನ್ನು ಬಿಗಿಹಿಡಿದು ನರಳಿದಳು.

"ಅಣ್ಣಂದಿರಾ," ಎಂದಳು ಏದುಸಿರಿನಲ್ಲಿ, "ನಿಮ್ಮ ಜಗಳ ಮುಗಿಯೋವರೆಗೆ ಈ ಮಗು ಕಾಯಲ್ಲ. ಯಾವ ಕಡೆ ಹೆರ್ಲಿ, ಬೇಗ ಹೇಳಿ."

ಅಸಾಹೆಲ್ ಬಂದ ದಾರಿಯತ್ತ ತಿರುಗಿ ನೋಡಿದ. ಈಚೆ ದಡದಲ್ಲಿ, ಕೂಗಳತೆಯಲ್ಲಿ, ಹಿಟ್ಟಿನ ಗಿರಣಿಯಿತ್ತು. ಗಿರಣಿಯವನ ಹೆಂಡತಿ ಹೆರಿಗೆ ಮಾಡಿಸುವವಳು. ಅವನು ಎತ್ತುಗಳ ಮೂಗುದಾರ ಹಿಡಿದು, ಆ ಇಕ್ಕಟ್ಟಿನಲ್ಲೇ ಬಂಡಿ ತಿರುಗಿಸಿದ.

ಮರುದಿನ ಜಾಬೆಜ್ ಊರಿನ ಜನನ-ಮರಣದ ಪುಸ್ತಕ ತೆರೆದು ಕೂತಿದ್ದರು. ಅಸಾಹೆಲನನ್ನು ಕರೆಸಿ, ಸುತ್ತ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದರು.

"ನೋವು ಶುರುವಾದಾಗ ಬಂಡಿ ಸೇತುವೆ ಮೇಲಿತ್ತಂತೆ. ಮಗು ಆಚೆ ತುದೀಲಿ ಹುಟ್ಟಿತು ಅಂತ ನೀನು ಪ್ರಮಾಣ ಮಾಡಿದ್ರೆ ಊರು ಉಳಿಯುತ್ತೆ. ಗಿರಣಿಯವರು ನನ್ನ ಮಾತು ಮೀರಲ್ಲ."

ಅಸಾಹೆಲ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದ. ತನ್ನ ಹತ್ತಿರ ಪೀಪಾಯಿ ಕೊಳ್ಳಬೇಡಿ ಎಂದು ಅವರು ಹೇಳಿದರೆ ಊರಲ್ಲಿ ಯಾರೂ ಕೊಳ್ಳುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಈಚೆ ಹುಟ್ಟಿತು ಹಿರಿಯರೇ. ಬಂಡಿ ತಿರುಗಿಸಿದ್ದು ನಾನೇ. ಇವತ್ತಾದ್ರೂ ಹಾಗೇ ತಿರುಗಿಸ್ತೀನಿ."

ಅಸಾಹೆಲ್ ಮರಳಿಸಿದ ಆಜ್ಞೆಯ ಕಾಗದವನ್ನು ಜಾಬೆಜ್ ಬಿಡಿಸಿದರು. "ಸರಿ. ಕಾನೂನು ಪ್ರಕಾರ ಮಗು ನಮ್ಮೂರದ್ದು, ಇಲ್ಲಿರಬಹುದು. ತಾಯಿ ಹೊರಗಿನವಳು. ಅವಳನ್ನ ಮಾತ್ರ ನೀನು ಸೇತುವೆ ದಾಟಿಸಿ..."

ತಮ್ಮ ಬಾಯಿಂದ ಏನು ಬಂತೆಂಬುದು ಅವರಿಗೆ ಆಗ ಕೇಳಿಸಿರಬೇಕು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಗಂಡೋ, ಹೆಣ್ಣೋ?"

"ಹೆಣ್ಣು."

"ಹೆಸರು?"

"ಇಟ್ಟಿಲ್ಲ ಇನ್ನೂ. ಜಿಲ್ಫಾನ ಕೇಳ್ಬೇಕು."

ಜಾಬೆಜ್ ಆಜ್ಞೆಯ ಕಾಗದವನ್ನು ಮಡಚಿ ಒಲೆಗೆ ಹಾಕಿದರು.

"ಅವಸರವೇನಿಲ್ಲ," ಎಂದರು. "ಸುಧಾರಿಸ್ಕೊಳ್ಳಲಿ, ಆಮೇಲೆ ಕೇಳು. ಇಲ್ಲೇ ಇರ್ತಾಳಲ್ಲ."