ಅರ್ಧ ಮಾತ್ರೆ

ಹಾವೇರಿ ಬಸ್ಸು ಹತ್ತುವಾಗ ಚೌಡವ್ವನ ಎದೆಯೊಳಗೆ ಹಬ್ಬವೇ ನಡೆದಿತ್ತು. ಎಚ್‌ಐವಿ ಇರುವ ಮಕ್ಕಳಿಗೂ ಮೊದಲ ಸಲ ಸರ್ಕಾರದ ಔಷಧ ಬಂದಿದೆಯಂತೆ. ಲಾರಿ ಓಡಿಸುತ್ತಿದ್ದ ಗಂಡ ಈ ರೋಗವನ್ನು ಮನೆಗೆ ತಂದು, ಮೂರು ವರ್ಷದ ಹಿಂದೆ ತಾನು ಕಣ್ಮುಚ್ಚಿದ್ದ. ಏಳು ವರ್ಷದ ಮಗಳು ಮೀನಾಕ್ಷಿಗೂ ಅದು ಅಂಟಿರುವುದು ತಾಯಿಗೊಬ್ಬಳಿಗೇ ಗೊತ್ತು. ಪಕ್ಕದ ಊರಲ್ಲಿ ಇಂಥದೇ ಒಂದು ಕೂಸನ್ನು ಶಾಲೆಯಿಂದ ಹೊರಗಟ್ಟಿದ್ದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಪಾಪ, ಅವಳು ತನ್ನ ಬಾಯಿಗೇ ಹಾಕಿಕೊಂಡಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಸುನೀಲಕುಮಾರ ಅವಳ ರಕ್ತದ ರಿಪೋರ್ಟು ಹಿಡಿದು ಕುಳಿತಿದ್ದರು.

"ಯವ್ವಾ, ನಿನ್ನ ಮೈಯಾಗ ವೈರಸ್ ಮತ್ತ ಏರೇತಿ. ಮಾತ್ರಿ ತಪ್ಪಿಸೀಯೇನು?"

"ಮೈಲಾರಲಿಂಗನ ಆಣಿ, ಒಂದ್ ದಿನಾನೂ ತಪ್ಪಿಸಿಲ್ರಿ. ಅರ್ಧ ನಾನು, ಅರ್ಧ ನನ್ನ ಮಗಳು. ಎರಡು ವರ್ಷ ಆತ್ರಿ. ಬ್ಯಾರೆ ಕಡೆ ರಕ್ತ ತೋರಿಸಿ, ಆಕಿಗೇನೂ ಇಲ್ಲಂತ ನಿಮಗ ಸುಳ್ಳು ಹೇಳಿದ್ದೆ. ಇನ್ನ ಆಕೀದು ಆಕಿಗೇ ಬ್ಯಾರೆ ಕೊಡ್ರಿ."

ಬೈಯುತ್ತಾರೆಂದು ಕಾದಳು. ಅವರು ಬೈಯಲಿಲ್ಲ. ಆಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

"ಈ ವೈರಸ್ ದಿನಾ ಮರಿ ಹಾಕತೈತಿ ಯವ್ವಾ. ಒಂದರಂಗ ಇನ್ನೊಂದು ಇರಂಗಿಲ್ಲ. ಅರ್ಧ ಮಾತ್ರಿಗೆ ಸೊರಗಿದವು ಸಾಯತಾವು, ಗಟ್ಟಿ ಇದ್ದವು ಉಳದು ಬೆಳಿತಾವು. ಈಗ ನಿನ್ನ ಮೈಯಾಗ ಇದ್ದವು ಈ ಮಾತ್ರಿಗೆ ಹೆದರಂಗಿಲ್ಲ."

ಚೌಡವ್ವ ಬ್ಯಾಡಗಿಯ ಮೆಣಸಿನಕಾಯಿ ಹೊಲದಲ್ಲಿ ಬೆಳೆದವಳು. ಅಪ್ಪ ಕೊಟ್ರಪ್ಪ ಒಂದೆಕರೆಗಾಗುವ ಹುಳದೆಣ್ಣೆಯನ್ನು ಎರಡೆಕರೆಗೆ ಹೊಡೆಯಹೋದಾಗ, "ಯಪ್ಪಾ, ಅರ್ಧ ಎಣ್ಣಿಗೆ ಹುಳ ಸಾಯಂಗಿಲ್ಲ, ಪೈಲ್ವಾನ ಆಗತಾವು" ಎಂದು ಜಗಳ ತೆಗೆದವಳು ಇವಳೇ. ಹೊಲದಲ್ಲಿದ್ದ ಬುದ್ಧಿ ಮನೆಗೆ ಬರುವಷ್ಟರಲ್ಲಿ ಎಲ್ಲಿ ಹೋಗಿತ್ತೋ! ಕೂಸಿನ ಮುಖ ನೋಡಿದರೆ ಹೆತ್ತ ಕರುಳಿಗೆ ಏನೂ ತಿಳಿಯುವುದಿಲ್ಲ.

"ನಂದು ಹಾಳಾಗಿ ಹೋಗ್ಲಿರಿ. ಆಕೀದು?"

"ನಾಳೆನ ಕರಕೊಂಡು ಬಾ, ರಕ್ತ ನೋಡೋಣು. ಮಕ್ಕಳ ಔಷಧದಾಗೂ ಇದಾ ಮಾತ್ರಿ ಐತಿ. ಅದು ಆಕಿಗೆ ನಾಟಲಿಲ್ಲಂದ್ರ, ಮುಂದಿನ ಔಷಧ ನಮ್ಮ ಕಡೆ ಇನ್ನೂ ಬಂದಿಲ್ಲ."

"ಯಾವಾಗ ಬರತೈತ್ರಿ?"

"ನನಗೂ ಗೊತ್ತಿಲ್ಲ ಯವ್ವಾ."

ತನ್ನೂರು ದೇವರಗುಡ್ಡಕ್ಕೆ ಮರಳುವ ಬಸ್ಸಿನಲ್ಲಿ ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಪಕ್ಕದ ಸೀಟಿನವರು, ಯಾರಾದರೂ ಸತ್ತರೇ ಎಂದು ಕೇಳಿದರೆ, ಏನು ಹೇಳುವುದು? ಗಂಡ ತಂದದ್ದು ಒಂದು ರೋಗ. ಅದಕ್ಕೆ ತನ್ನ ಕೈಯಾರೆ ಅರ್ಧರ್ಧ ಉಣಿಸಿ ಗಟ್ಟಿ ಮಾಡಿದವಳು ತಾನು. ನಾಳೆ ಆ ರಕ್ತದಲ್ಲಿ ಏನು ಕಾಣಿಸೀತೆಂದು ಅವಳಿಗೆ ಆಗಲೇ ಗೊತ್ತಿದ್ದಂತಿತ್ತು.

ಮೀನಾಕ್ಷಿ ಶಾಲೆಯಿಂದ ಬಂದು, ತಂಬಿಗೆಯಲ್ಲಿ ನೀರು ತುಂಬಿಟ್ಟು, ಹೊಸ್ತಿಲಲ್ಲಿ ಕಾಯುತ್ತ ಕುಳಿತಿದ್ದಳು. ತಾಯಿಗೆ ತಡವಾಯಿತೆಂದು ಸಂಜೆಯ ಮಾತ್ರೆಯನ್ನು ತಾನೇ ಮುರಿದಿದ್ದಳು. ಅದು ಸಮನಾಗಿ ಮುರಿದಿರಲಿಲ್ಲ. ದೊಡ್ಡ ತುಂಡನ್ನು ತಾಯಿಯ ಅಂಗೈಯಲ್ಲಿಟ್ಟಳು.

"ಇವತ್ತ ದೊಡ್ಡದು ನೀ ತಗೋ ಯವ್ವಾ. ದಿನಾ ನನಗ ಕೊಡ್ತೀ."