ಕೆಂಪು ಕಿವಿಯ ಮೂಟೆ

"ತುರುಬು ಬಿಚ್ಚೇ, ಮುಂಡೆ! ಕೊಡವು!"

ಗುಮಾಸ್ತನ ಕೋಲಿನ ತುದಿ ಅಕ್ಕನ ತುರುಬನ್ನು ತಿವಿಯಿತು. ಗೋದಾಮಿನ ಗೇಟಿನ ಒಳಗೆ ಗುಡಿಸುವ ಹೆಂಗಸರು ಸಾಲಾಗಿ ನಿಂತಿದ್ದರು. ಸಂಜೆ ಮನೆಗೆ ಹೋಗುವ ಮುಂಚೆ ಒಬ್ಬೊಬ್ಬಳೂ ಮಡಿಲು ಕೊಡವಿ, ಒಳಬಟ್ಟೆ ಕೊಡವಿ, ಕೊನೆಗೆ ಬಾಯಿ ಅಗಲಿಸಿ ತೋರಿಸಬೇಕು. ಗೋಧಿಯ ಬೆಲೆ ಮುಗಿಲಿಗೆ ಹೋದ ಮೇಲೆ ಬಂದ ಹೊಸ ಕಾನೂನು ಇದು. ಸಾಲಿನಲ್ಲಿ ಮೊದಲು ಯಾವಾಗಲೂ ಅಕ್ಕನೇ. ವಯಸ್ಸಿಗೂ ಹಿರಿಯಳು, ಬಾಯಿಗೂ ಹಿರಿಯಳು. ಅವಳನ್ನು ಹೆಸರು ಹಿಡಿದು ಕರೆದವರಿಲ್ಲ, ಇಡೀ ಗೋದಾಮಿಗೆ ಅವಳು ಅಕ್ಕ.

ಅಕ್ಕ ಕೂದಲು ಬಿಚ್ಚಿದಳು. ಮೂರು ಗೋಧಿ ಕಾಳು ಸಿಮೆಂಟು ನೆಲಕ್ಕೆ ಉದುರಿದವು. ದಿನವಿಡೀ ಮೂಟೆಗಳ ಸಂದಿಯಲ್ಲಿ ಬಗ್ಗಿ ಗುಡಿಸುವವಳ ತಲೆಯಲ್ಲಿ ಮೂರು ಕಾಳು ಸಿಕ್ಕಿಕೊಂಡರೆ ಅದೇನು ದೊಡ್ಡ ವಿಷಯ? ಆದರೆ ಗುಮಾಸ್ತನಿಗೆ ನಿಧಿ ಸಿಕ್ಕಿದಷ್ಟು ಖುಷಿಯಾಯಿತು.

"ನೋಡ್ರಪ್ಪಾ, ಕಣಜಾನೇ ತಲೆ ಮೇಲೆ ಹೊತ್ಕೊಂಡು ಹೊರಟಿದಾಳೆ! ಎತ್ತೇ. ಕೈಯಲ್ಲಲ್ಲ. ನಾಲಿಗೇಲಿ ಎತ್ತು."

ಅಕ್ಕ ಅವನ ಮುಖ ನೋಡಿದಳು. ಕಾವಲುಗಾರ ಹಿಂದಿನಿಂದ ಅವಳ ಮಂಡಿಯ ಸಂದಿಗೆ ಬೂಟಿನಿಂದ ಒದ್ದ. ಕುಸಿದು ಬಿದ್ದಳು. ನಾಲಿಗೆ ಚಾಚಿ ಮೂರೂ ಕಾಳು ಎತ್ತಿಕೊಂಡಳು.

"ಈಗ ಉಗುಳು. ಅದು ಧಣಿ ಮಾಲು."

ಎರಡನ್ನು ಉಗುಳಿದಳು. ಮೂರನೆಯದನ್ನು ಅವನ ಕಣ್ಣಿಗೆ ಕಣ್ಣಿಟ್ಟು ನುಂಗಿದಳು.

ಕೋಲು ದವಡೆಗೆ ಬಿತ್ತು. ಹಲ್ಲೊಂದು ಮುರಿದು ಬಾಯಿ ತುಂಬ ರಕ್ತ ಬಂತು. ಸಾಲಿನಲ್ಲಿದ್ದ ಹೆಂಗಸರು ನೆಲ ನೋಡುತ್ತಾ ನಿಂತಿದ್ದರು. ಗೇಟಿನ ಹೊರಗೆ ಇದೇ ಕೆಲಸಕ್ಕಾಗಿ ಐವತ್ತು ಜನ ಕಾದು ಕೂತಿದ್ದರು, ಅದನ್ನು ಯಾರೂ ಯಾರಿಗೂ ನೆನಪಿಸಬೇಕಾಗಿರಲಿಲ್ಲ.

ಇದೇ ಗೋದಾಮಿನಲ್ಲಿ ಮೊದಲು ಬೇರೆ ಕಟ್ಟಳೆ ಇತ್ತು. ಹಮಾಲಿಗಳು ಕೊಕ್ಕೆ ಹಾಕಿ ಮೂಟೆ ಎಳೆಯುವಾಗ ಗೋಣಿ ಹರಿದು ಕಾಳು ಚೆಲ್ಲುತ್ತದೆ. ನೆಲಕ್ಕೆ ಬಿದ್ದದ್ದು ಗುಡಿಸಿದವರ ಪಾಲು. ಅಕ್ಕನ ಅತ್ತೆಯ ಕಾಲದಿಂದಲೂ ಹಾಗೇ ನಡೆದು ಬಂದಿತ್ತು. ಗುಡಿಸಿದ ಕಾಳನ್ನು ಮೂಟೆ ಕಟ್ಟಿ, ಬಾಯಿ ಹೊಲಿದು, ಮೂಲೆಯ ಕಿವಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದರು. ಕೆಂಪು ಕಿವಿ ಕಂಡರೆ ಹಮಾಲಿಗಳು ಅದನ್ನು ಲಾರಿಗೆ ಹಾಕುತ್ತಿರಲಿಲ್ಲ. ಎಷ್ಟು ಕುಡಿದವನೂ ಅದನ್ನು ಮುಟ್ಟುತ್ತಿರಲಿಲ್ಲ. ವಾರಕ್ಕೊಮ್ಮೆ ಅದು ಬೀದಿಗೆ ಬರುತ್ತಿತ್ತು, ಎಲ್ಲರೂ ಮಡಿಲೊಡ್ಡಿ ಹಂಚಿಕೊಳ್ಳುತ್ತಿದ್ದರು. ಈಗ ಮೂಟೆಗಳು ತಗಡಿನ ಸೂರು ಮುಟ್ಟುವಷ್ಟು ಪೇರಿಸಿ ಕೂತಿದ್ದವು. ಬೆಲೆ ಇನ್ನೂ ಏರಲಿ ಎಂದು ಧಣಿ ಲಾರಿ ಹೊರಡಿಸುತ್ತಿರಲಿಲ್ಲ. ಧಣಿಗೆ ನೆಲದ ಕಾಳೂ ಈಗ ಬಂಗಾರವಾಗಿತ್ತು.

ಅಕ್ಕ ಮನೆಗೆ ಬಂದಾಗ ಮಗಳು ಗೋಡೆಗೆ ಒರಗಿ ಕೂತಿದ್ದಳು. ಎದೆಯ ಮೇಲಿನ ಕೂಸು ಚೀಪುತ್ತಿತ್ತು, ಬಿಡುತ್ತಿತ್ತು, ಮತ್ತೆ ಹುಡುಕುತ್ತಿತ್ತು. ಅಳುವ ಶಕ್ತಿಯೂ ಅದಕ್ಕೆ ಹೋಗಿತ್ತು.

"ಹಾಲಿಲ್ಲಮ್ಮ. ಹಿಂಡಿದ್ರೆ ನೀರೂ ಬರಲ್ಲ. ನನ್ ಹೊಟ್ಟೇಲಿ ಏನಾದ್ರೂ ಇದ್ರೆ ತಾನೆ ಬರೋದು?"

ಅಕ್ಕ ಒದ್ದೆ ಬಟ್ಟೆ ದವಡೆಗೆ ಒತ್ತಿ ಹಿಡಿದು ಕೂತಳು. ಮೊಮ್ಮಗು ಹುಟ್ಟಿ ಎರಡು ತಿಂಗಳು. ಕಾರ್ಖಾನೆ ಮುಚ್ಚಿದ ದಿನ ಕೆಲಸ ಹುಡುಕಿಕೊಂಡು ಹೋದ ಅಳಿಯ ಏನಾದನೋ ಗೊತ್ತಿಲ್ಲ. ಈ ಕೂಸನ್ನು ಉಳಿಸಿಕೊಳ್ಳಬೇಕು, ಅಷ್ಟೇ. ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ.

ಅಕ್ಕನ ತಮ್ಮ ಬಾಗಿಲಲ್ಲಿ ಬಂದು ನಿಂತ. ಒಂದೇ ಉಸಿರಿಗೆ ಎರಡು ಮೂಟೆ ಹೊರುತ್ತಿದ್ದ ಹಮಾಲಿ ಅವನು, ಹಾಗಾಗಿ ಎಲ್ಲರ ಬಾಯಲ್ಲೂ ಗೂಳಿ. ಅಕ್ಕನ ಬಾಯಿ ನೋಡಿ ಅವನ ಮೂಗಿನ ಹೊಳ್ಳೆ ಅರಳಿತು.

"ಯಾವ ಬೋಳಿಮಗ ಹೊಡ್ದಿದ್ದು?"

"ಬಿಡೋ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ನಂಗೆ ಮೂರು ಕಾಳಿಗೆ ಹೋಯ್ತು."

"ಊರೇ ಬಿದ್ದು ಹೋಗ್ತಿದೆ ಅಕ್ಕ. ಅಂಗಡಿಯೋನು ಬೆಳಿಗ್ಗೆ ಬರ್ದ ರೇಟನ್ನ ಮಧ್ಯಾಹ್ನ ಅಳಿಸಿ ಬರೀತಾನೆ. ಬ್ಯಾಂಕಿನ ಮುಂದೆ ಜನ ಕಲ್ಲು ತೂರಿದ್ರಂತೆ. ಇನ್ನೊಂದು ವಾರಕ್ಕೆ ಒಬ್ಬರನ್ನೊಬ್ಬರು ಕಿತ್ತು ತಿಂತಾರೆ ನೋಡು. ಅಷ್ಟರೊಳಗೆ ನಮ್ ಪಾಲು ನಾವು ಕೇಳ್ಬೇಕು. ಕದಿಯೋದು ಬೇಡ. ಕೇಳೋಣ."

ಮರುದಿನ ಬೆಳಿಗ್ಗೆ ಅವನು ಕೇಳಿಯೇಬಿಟ್ಟ.

ಧಣಿ ಅಟ್ಟದ ಮೇಲಿನ ಗಾಜಿನ ಕೋಣೆಯಿಂದ ಮೆಟ್ಟಿಲಿಳಿದು ಬಂದ. ಧಣಿ ಯಾವತ್ತೂ ದನಿ ಏರಿಸಿದವನಲ್ಲ.

"ಏನಂತೆ ಇವನದ್ದು?"

"ನೆಲದ ಕಾಳು ನಮ್ದು, ಧಣಿ. ನಿಮ್ಮ ಅಪ್ಪಾವ್ರ ಕಾಲದಿಂದ ನಮ್ದು. ಹೆಂಗಸರ ಬಟ್ಟೆ ಬಿಚ್ಚಿಸೋದು ನಿಲ್ಸಿ, ಅದನ್ನ ಕೊಟ್ಬಿಡಿ. ಇಲ್ದಿದ್ರೆ ಇವತ್ತು ಒಬ್ಬ ಹಮಾಲೀನೂ ಕೊಕ್ಕೆ ಹಿಡಿಯಲ್ಲ."

"ಓಹೋ. ಯಾವ ಕೈಲಿ ಹಿಡಿಯಲ್ಲ?"

ಗೂಳಿಗೆ ಪ್ರಶ್ನೆ ಅರ್ಥವಾಗುವ ಮುಂಚೆಯೇ ನಾಲ್ವರು ಅವನ ಮೇಲೆ ಬಿದ್ದಿದ್ದರು. ಬಲಗೈಯನ್ನು ಎಳೆದು ತೂಕದ ಯಂತ್ರದ ತಟ್ಟೆಯ ಮೇಲೆ ಹರಡಿದರು. ಗುಮಾಸ್ತ ಕಬ್ಬಿಣದ ತೂಕದ ಕಲ್ಲು ಎತ್ತಿ ಹಾಕಿದ. ಬೆರಳುಗಳು ಮುರಿದ ಸದ್ದು ಅಕ್ಕನಿಗೆ ಕೇಳಿಸಿತು. ಎರಡನೆಯ ಸಲ ಹಾಕಿದಾಗ ಗೂಳಿಯ ಬಾಯಿಂದ ಕೂಗೂ ಬರಲಿಲ್ಲ. "ಧಣೀ, ನಿಮ್ ಕಾಲಿಗೆ ಬೀಳ್ತೀನಿ, ಬಿಡ್ಸಿ" ಎಂದು ಅಕ್ಕ ಅಡ್ಡ ಬಿದ್ದಳು. ಧಣಿ ಅವಳ ಪಕ್ಕದಿಂದ ಸುತ್ತಿ ದಾಟಿದ. ಗೂಳಿಯನ್ನು ಎಳೆದು ಹಿಂಬಾಗಿಲಾಚೆಯ ಲಾರಿ ಕಟ್ಟೆಯ ಕೆಳಗೆ ಎಸೆದರು.

"ನೆಲದ ಕಾಳು ಬೇಕಂತೆ ಇವರಿಗೆ," ಎಂದ ಧಣಿ ಗುಮಾಸ್ತನಿಗೆ. "ಕೊಡೋಣ. ಇಲಿ ಪಾಷಾಣದ ಡಬ್ಬ ಎಷ್ಟಿದೆ?"

ಪಾಷಾಣ ಬೆರೆಸುವ ಕೆಲಸ ಅಕ್ಕನ ಪಾಲಿಗೆ ಬಂತು. ಬಿಳಿ ಪುಡಿ, ಮಣ್ಣಿನಷ್ಟೂ ವಾಸನೆಯಿಲ್ಲ. ನೆಲದ ಕಾಳಿಗೆ ಗೋಡೆಯ ಸುಣ್ಣ ಅಂಟಿರುವುದು ಹೊಸದೇನಲ್ಲವಾದ್ದರಿಂದ ನೋಡಿದವರಿಗೆ ಗೊತ್ತಾಗುವಂತೆಯೂ ಇರಲಿಲ್ಲ.

"ಇದು ಯಾರಿಗೆ ಸ್ವಾಮಿ?" ಅಕ್ಕ ಕೇಳಿದಳು.

"ಇಲಿಗೆ. ಎರಡು ಕಾಲಿನ ಇಲಿಗೆ," ಗುಮಾಸ್ತ ನಕ್ಕ. "ತುಂಬಿಸಿ ಹಿಂದಿನ ಕಟ್ಟೆ ಮೇಲೆ ಇಡಿಸು. ಕದಿಯೋರು ಕದೀಲಿ. ಒಂದ್ಸಲ ಕದ್ದೋನು ಮತ್ತೆ ಕದಿಯಲ್ಲ. ಆಗಲ್ಲ ಅಂದ್ರೆ ಹೇಳು, ಗೇಟಿನಿಂದ ಇನ್ನೊಬ್ಬಳನ್ನ ಕರೀತೀನಿ."

ಆಗಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಅವಳ ಕಣ್ಣ ಮುಂದೆ ಬರಿದಾದ ಎದೆ ಚೀಪುವ ಕೂಸಿತ್ತು. ಸಂಜೆ ಹೋದ ಕೂಡಲೇ ಬೀದಿಗೆಲ್ಲ ಹೇಳಿಬಿಟ್ಟರಾಯಿತು, ಯಾರೂ ಮುಟ್ಟುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೂಗಿಗೆ ಬಟ್ಟೆ ಕಟ್ಟಿ ಗೋಧಿಯ ರಾಶಿಗೆ ಪುಡಿ ಸುರಿದು ಎರಡೂ ಕೈಯಿಂದ ಕಲಸಿದಳು. ಮೂಟೆ ತುಂಬಿದಳು. ಮನಸ್ಸೆಲ್ಲ ತಮ್ಮನ ಬೆರಳಿನ ಮೇಲಿತ್ತು, ಕೈ ತನ್ನ ಪಾಡಿಗೆ ತಾನು ದುಡಿಯಿತು. ಇಪ್ಪತ್ತೈದು ವರ್ಷ ಮಾಡಿದ್ದನ್ನೇ ಮಾಡಿತು. ಸೂಜಿ ಹಿಡಿದು ಬಾಯಿ ಹೊಲಿಯಿತು, ಗಂಟು ಹಾಕಿತು, ಸೊಂಟದ ಕೆಂಪು ಬಟ್ಟೆಯಿಂದ ಚೂರು ಹರಿದು ಕಿವಿಗೆ ಕಟ್ಟಿತು. ಮೊದಲ ಮೂಟೆಯನ್ನು ಆಳುಗಳು ಕಟ್ಟೆಯ ಮೇಲಿಟ್ಟು ಬಂದರು. ಆಮೇಲಿನವನ್ನು ಬಾಗಿಲ ಒಳಗೇ ಸಾಲಾಗಿ ನಿಲ್ಲಿಸಿದರು.

ಆರನೆಯದಕ್ಕೆ ಕೊನೆಯ ಗಂಟು ಹಾಕುವಾಗ ಸೂರ್ಯ ನೆತ್ತಿಗೇರಿದ್ದ. ಮುಂದಿನ ಗೇಟಿನ ಕಡೆಯಿಂದ ಕೂಗು ಕೇಳಿಸಿತು.

ನೂರಾರು ಜನ. ಬಾಗಿಲ ಸರಳು, ಕಲ್ಲು, ಸೌದೆ, ಕೈಗೆ ಸಿಕ್ಕಿದ್ದೆಲ್ಲ ಹಿಡಿದಿದ್ದರು. ಕಾವಲುಗಾರ ಬಂದೂಕು ಹಾರಿಸಿದ. ಮುಂದಿದ್ದ ಚಮ್ಮಾರ ಮುದುಕ ಕತ್ತು ಹಿಡಿದುಕೊಂಡು ಕೂತ, ಕೂತವನು ಏಳಲಿಲ್ಲ. ಇನ್ನೊಂದು ಗುಂಡು ತುಂಬಲು ಕಾವಲುಗಾರನಿಗೆ ಸಮಯ ಸಿಗಲಿಲ್ಲ. ಗೇಟು ಅವನ ಮೇಲೆಯೇ ಬಿತ್ತು. ಜನ ಗೇಟಿನ ಮೇಲೆ ಹತ್ತಿ ಒಳಗೆ ನುಗ್ಗಿದರು, ಕೆಳಗಿದ್ದವನ ಕಿರುಚಾಟ ಸ್ವಲ್ಪ ಹೊತ್ತಿಗೆ ನಿಂತಿತು. ಗುಮಾಸ್ತ ಮೂಟೆ ಹತ್ತಿ ಓಡಲು ನೋಡಿದ. ಸಾಲಿನಲ್ಲಿ ನೆಲ ನೋಡುತ್ತಿದ್ದ ಅವೇ ಹೆಂಗಸರು ಅವನನ್ನು ಕಾಲು ಹಿಡಿದು ಎಳೆದು, ಅವನದೇ ಕೋಲಿನಿಂದ ಬಾಯಿಗೆ ಬಡಿದರು.

ಎಲ್ಲರ ಮುಂದೆ ಗೂಳಿ ಇದ್ದ. ಬಲಗೈ ಬಟ್ಟೆ ಸುತ್ತಿ ಎದೆಗೆ ಕಟ್ಟಿಕೊಂಡಿದ್ದ, ಎಡಗೈಯಲ್ಲಿ ಕೊಕ್ಕೆ.

"ನಿಲ್ಲಿ! ಸೂರೆ ಮಾಡ್ಬೇಡಿ! ನಾವೇನು ಕಳ್ಳರಾ?" ಅವನ ದನಿಗೆ ಜನ ನಿಂತರು. "ಮೊದ್ಲು ನಮ್ ಪಾಲು. ಕೆಂಪು ಕಿವಿದು ನಮ್ದು, ಅದನ್ನ ಎತ್ತಿ!"

ಅಕ್ಕ ಆಗ ಮೂಟೆಗಳ ಕಡೆ ನೋಡಿದಳು. ಐದು ಕಿವಿ, ಐದು ಕೆಂಪು ಚೂರು. ಯಾವಾಗ ಕಟ್ಟಿದಳೋ ಅವಳಿಗೇ ಗೊತ್ತಿರಲಿಲ್ಲ.

"ಮುಟ್ಬೇಡ್ರೋ! ಪಾಷಾಣ ಇದೆ! ತಿಂದ್ರೆ ಸಾಯ್ತೀರ!" ಮೂಟೆಗಳಿಗೆ ಅಡ್ಡ ಬಿದ್ದಳು.

"ಧಣಿ ನಾಯಿ! ಎಂಜಲು ಬಿಸಾಕಿದ್ನಾ ನಿಂಗೆ?" ಯಾರೋ ಬೆನ್ನಿಗೆ ಸೌದೆಯಿಂದ ಹೊಡೆದರು. ಇನ್ನೊಬ್ಬಳು ಕೂದಲು ಹಿಡಿದು ಎಳೆದಳು. ಅಕ್ಕ ಮೂಟೆಯನ್ನು ತಬ್ಬಿಕೊಂಡು ಬಿಡಲಿಲ್ಲ.

ಗೂಳಿ ಬಗ್ಗಿದ. "ಅಕ್ಕ, ನಿನ್ ಕೈಗಂಟು ನಂಗೆ ಗೊತ್ತಿಲ್ವಾ? ನೀನೇ ಕಟ್ಟಿದೀಯ. ಹೆದ್ರಿಸಿದಾರಾ ನಿನ್ನ?"

"ನಾನೇ ಕಟ್ದೆ ಕಣೋ. ನಾನೇ ಬೆರೆಸ್ದೆ. ಈ ಕೈಲೇ!"

ಗೂಳಿ ಎಡಗೈಯಿಂದ ಅವಳ ಕೆನ್ನೆಗೆ ಬಾರಿಸಿದ. ಹುಟ್ಟಿದಾಗಿನಿಂದ ಅಕ್ಕನ ಮೇಲೆ ಕೈ ಎತ್ತಿದವನಲ್ಲ ಅವನು.

ಮೆಟ್ಟಿಲ ಮೇಲಿನಿಂದ ಧಣಿಯ ದನಿ ಬಂತು. "ತಗೊಂಡು ಹೋಗ್ರಪ್ಪಾ. ಹಳೇ ಪದ್ಧತಿ, ನಾನ್ಯಾಕೆ ಬೇಡ ಅನ್ಲಿ? ಕೆಂಪು ಕಿವಿದು ನಿಮ್ದೇ."

ಜನ ಹೋ ಎಂದರು. ಧಣಿ ಇಳಿದು ಹೋಗಲಿ ಎಂದು ಮೆಟ್ಟಿಲ ಬುಡ ಬಿಟ್ಟು ದಾರಿಯನ್ನೂ ಮಾಡಿದರು. ಅಕ್ಕ ಮೂಟೆಯ ಮೂಲೆಯನ್ನು ಮುರಿದ ಹಲ್ಲಿನಿಂದಲೇ ಕಚ್ಚಿ ಹರಿದಳು. ಹಿಡಿ ತುಂಬ ಕಾಳು ತೆಗೆದುಕೊಂಡು ಮೆಟ್ಟಿಲಿಗೆ ನುಗ್ಗಿ ಧಣಿಯ ಕೊರಳಪಟ್ಟಿ ಹಿಡಿದಳು.

"ಮೊದಲ್ನೇ ತುತ್ತು ನಿಮ್ದು, ಧಣಿ. ಉಣ್ಣಿ."

ಧಣಿ ತುಟಿ ಬಿಗಿದ. ಅಕ್ಕ ಕಾಳನ್ನು ಅವನ ಬಾಯಿಗೆ ಒತ್ತಿದಳು. ಅವನು ಮುಖ ತಿರುಗಿಸಿದ, ಮೊಣಕೈಯಿಂದ ಅವಳನ್ನು ತಿವಿದ, ತುಟಿ ಮಾತ್ರ ಬಿಚ್ಚಲಿಲ್ಲ. ಹಣೆಯ ಮೇಲೆ ಬೆವರು ಒಡೆಯಿತು.

"ನಿನ್ನೆ ಮೂರು ಕಾಳು ನನ್ ಕೈಲಿ ನೆಕ್ಕಿಸಿದ್ರಲ್ಲ. ಒಂದು ಕಾಳು ನುಂಗಿ. ಒಂದೇ ಒಂದು!"

ಧಣಿ ಉಸಿರನ್ನೂ ಮೂಗಿನಿಂದಲೇ ಎಳೆಯುತ್ತಿದ್ದ. ಸೌದೆ ಹಿಡಿದಿದ್ದವನು ಸೌದೆ ಇಳಿಸಿದ. ಮೂಟೆಗೆ ಹೆಗಲು ಕೊಟ್ಟಿದ್ದವರು ಅದನ್ನು ಮೆಲ್ಲಗೆ ನೆಲಕ್ಕಿಟ್ಟು, ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡರು.

ಗೂಳಿಯ ಮುಖ ಮಾತ್ರ ಬೂದಿಯಾಗಿತ್ತು.

"ಅಕ್ಕ... ಎಷ್ಟು ಕಟ್ಟಿದ್ದೆ?"

"ಆರು."

"ಬೆಳಿಗ್ಗೆ ಕಟ್ಟೆ ಮೇಲೆ ಒಂದಿತ್ತು. ಕೆಂಪು ಕಿವಿ ನೋಡಿ, ನೀನೇ ನಂಗಂತ ಇಡ್ಸಿದೀಯ ಅಂದ್ಕೊಂಡೆ. ಒಂದೇ ಕೈಲಿ ಹೊತ್ಕೊಂಡು ಹೋದೆ. ಬೀದಿಗೆಲ್ಲ ಹಂಚ್ದೆ. ಅದನ್ನ ನೋಡಿನೇ ಇವ್ರೆಲ್ಲ ನನ್ ಹಿಂದೆ ಬಂದಿದ್ದು." ಅವನು ಕೊಕ್ಕೆ ಕೆಳಗಿಳಿಸಿದ. "ನಿನ್ ಮಗಳಿಗೆ ಎರಡು ಬೊಗಸೆ ಜಾಸ್ತಿನೇ ಹಾಕ್ದೆ, ಅಕ್ಕ."

ಜನರೊಳಗಿಂದ ಒಬ್ಬಳು ಕಿರುಚಿದಳು. ಆಮೇಲೆ ಎಲ್ಲರೂ ಒಟ್ಟಿಗೆ ಬಾಗಿಲಿಗೆ ಓಡಿದರು. ಗೂಳಿ ಓಡಲಿಲ್ಲ. ಧಣಿಯ ಕಡೆ ತಿರುಗಿ, ಕೊಕ್ಕೆಯ ಮೊನೆಯನ್ನು ಅವನ ಬಿಗಿದ ಹಲ್ಲುಗಳ ಸಂದಿಗೆ ತೂರಿಸಿ, ಮೂಟೆ ಎಳೆಯುವ ಹಾಗೆ ಎಳೆದ. ಧಣಿಯ ಬಾಯಿ ತೆರೆಯಿತು.

ಅಕ್ಕ ಅದನ್ನು ನೋಡಲು ನಿಲ್ಲಲಿಲ್ಲ. ಗೇಟಿನ ಮೇಲೆ, ಗೇಟಿನಡಿ ಸತ್ತವನ ಮೇಲೆ, ಚಮ್ಮಾರ ಮುದುಕನ ಹೆಣದ ಪಕ್ಕದಲ್ಲಿ ಹಾರಿ ಓಡಿದಳು. ಬೀದಿಯ ತಿರುವಿನಲ್ಲೇ ಬೆಂದ ಗೋಧಿಯ ವಾಸನೆ ಮೂಗಿಗೆ ಬಡಿಯಿತು. ಎಷ್ಟೋ ದಿನದಿಂದ ಒಲೆ ಕಾಣದ ಮನೆಗಳಿಂದ ಹೊಗೆ ಏಳುತ್ತಿತ್ತು. "ಉಣ್ಬೇಡಿ! ಚೆಲ್ಲಿ!" ಎಂದು ಕೂಗಿದಳು. ಒಂದು ಜಗುಲಿಯ ಮೇಲೆ ಮುದುಕಿಯೊಬ್ಬಳು ಖಾಲಿ ತಟ್ಟೆ ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದಳು. ತಲೆ ಎತ್ತಲಿಲ್ಲ.

ಅಕ್ಕ ತನ್ನ ಮನೆಯ ಬಾಗಿಲನ್ನು ಒದ್ದು ತೆಗೆದಳು.

ಮಗಳು ಒಲೆಯ ಪಕ್ಕದಲ್ಲಿ ಕೂತಿದ್ದಳು. ಪಾತ್ರೆಯ ತಳ ಕಾಣುತ್ತಿತ್ತು. ಕೂಸು ಎದೆಗೆ ಕಚ್ಚಿಕೊಂಡು ಗುಟುಕು ಗುಟುಕಾಗಿ ನುಂಗುತ್ತಿತ್ತು, ಪುಟ್ಟ ಬೆರಳುಗಳು ಅಗಲಗೊಂಡು ತಾಯಿಯ ಎದೆಯನ್ನು ಒತ್ತುತ್ತಿದ್ದವು. ಮಗಳು ಅಮ್ಮನನ್ನು ಕಂಡು ನಕ್ಕಳು. ಅವಳ ಹಣೆಯ ಮೇಲೆ ಬೆವರಿತ್ತು, ತುಟಿ ಬಿಳಿಚಿಕೊಂಡಿತ್ತು.

"ಮಾವ ತಂದ್ಕೊಟ್ಟ, ಅಮ್ಮ. ಹೊಟ್ಟೆ ತುಂಬ ಉಂಡೆ. ಯಾಕೋ ಸ್ವಲ್ಪ ತಳಮಳ ಆಗ್ತಿದೆ, ಖಾಲಿ ಹೊಟ್ಟೆಗೆ ಒಂದೇ ಸಲ ಉಂಡಿದ್ದಕ್ಕಿರ್ಬೇಕು. ಆದ್ರೆ ನೋಡಿಲ್ಲಿ," ಎಂದಳು, "ಹಾಲು ಇಳೀತು."

ಅಕ್ಕ ಕೂಸನ್ನು ಕಿತ್ತುಕೊಳ್ಳಲು ಎರಡೂ ಕೈ ಚಾಚಿದಳು. ಮೊಣಕೈವರೆಗೂ ಬಿಳಿ ಪುಡಿ ಹತ್ತಿತ್ತು.